ಓಬವ್ವನವರ ಎರಡನೆಯ ಟಿಕೀಟು

ಕೆ.ಬಿ. ಬಡಾವಣೆ, ದಾವಣಗೆರೆ
ಬುಧವಾರ, ೧೪-೩-೧೯೬೨

ಹರಿಹರದಲ್ಲಿರುವ ಉಚ್ಚೆಂಗಪ್ಪನವರಿಗೆ ಉಡಚಮ್ಮನ ನಮಸ್ಕಾರಗಳು.

ನಾನೂ ನಿಮ್ಮ ತಾಯಿಯವರೂ ಆರೋಗ್ಯವಾಗಿದ್ದೇವೆ. ಎಷ್ಟು ಆರೋಗ್ಯವೆಂದರೆ, ಇದನ್ನು ಬರೆಯುತ್ತಿರುವಾಗ ಅತ್ತೆ ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡು ಅಂಗಳದಲ್ಲಿ ಇಪ್ಪತ್ತನೆಯ ಸುತ್ತು ಹಾಕುತ್ತಿದ್ದಾರೆ. ಅರವತ್ತಾರು ವರ್ಷ ಬರಿಗಾಲಲ್ಲಿ ನಡೆದ ಪಾದಗಳು, ಬೂಟಿಗೆ ಒಗ್ಗಿಕೊಳ್ಳಲು ಎರಡು ತಿಂಗಳಾದರೂ ಬೇಕು ಎಂದು ಅವರ ಲೆಕ್ಕ. ಬಡಾವಣೆಯ ಮಕ್ಕಳೆಲ್ಲ ಬೇಲಿಯ ಹೊರಗೆ ನಿಂತು ನೋಡುತ್ತಿವೆ.

ನಿಮ್ಮ ಪತ್ರ ಸೋಮವಾರ ಕೈಸೇರಿತು. ಹರಿಹರಕ್ಕೂ ದಾವಣಗೆರೆಗೂ ಇರುವುದು ಒಂಬತ್ತು ಮೈಲಿ. ಕಾರ್ಖಾನೆಯ ಕೆಲಸಕ್ಕೆಂದು ನೀವು ಅಲ್ಲಿಗೆ ಹೋದ ಈ ಒಂಬತ್ತು ವರ್ಷದಲ್ಲಿ ಹೆಂಡತಿಗೆ ಬರೆದ ಮೊದಲನೆಯ ಪತ್ರ ಇದು. ಮೂಲೆಯಲ್ಲೂ ಜಾಗ ಬಿಡದೆ ಬರೆದಿದ್ದೀರಿ. ನನ್ನ ಕ್ಷೇಮ ಅರ್ಧ ಸಾಲಿನಲ್ಲಿ ಮುಗಿದಿದೆ, ಉಳಿದದ್ದೆಲ್ಲ ವಿಮಾನದ ವಿಚಾರ. ರಜೆ ಖಾತ್ರಿ ಮಾಡಬೇಕು, ಶುಕ್ರವಾರದೊಳಗೆ ಉತ್ತರ ಬರಲಿ ಎಂದು ಕೊನೆಗೆ ಗೆರೆ ಬೇರೆ ಎಳೆದಿದ್ದೀರಿ. ನಿಮ್ಮನ್ನು ಕಾಯಿಸುವುದು ಬೇಡ. ರೋಮಿಗೂ ಪ್ಯಾರಿಸ್ಸಿಗೂ ಹೋಗುವವರು ನಿಮ್ಮ ತಾಯಿ ಮತ್ತು ನಾನು. ನೀವು ಹೋಗುತ್ತಿಲ್ಲ.

ಈಗ ನಿಧಾನವಾಗಿ ಕೂತು ಓದಿ.

ಪತ್ರದಲ್ಲಿ ಮೂರು ಕಡೆ 'ನಮ್ಮ ಮನೆಗೆ ಬಂದ ಬಹುಮಾನ' ಎಂದಿದ್ದೀರಿ. ಅದು ಮನೆಗೆ ಬಂದದ್ದಲ್ಲ, ನಿಮ್ಮ ತಾಯಿ ಓಬವ್ವನವರಿಗೆ ಬಂದದ್ದು. ಹೇಗೆ ಬಂತೆಂಬುದು ನಿಮಗೆ ತಿಳಿದಂತಿಲ್ಲ. ನಮ್ಮ ಸೋಪು ಯಾಕೆ ಮೆಚ್ಚುತ್ತೀರಿ ಎಂದು ಒಂದೇ ವಾಕ್ಯದಲ್ಲಿ ಬರೆದು, ಸೋಪಿನ ನಾಲ್ಕು ಹೊದಿಕೆ ಕಾಗದದ ಜೊತೆ ಕಳಿಸಿರಿ, ಗೆದ್ದವರಿಗೆ ವಿಮಾನ ಪ್ರವಾಸ ಎಂದು ಸೋಪಿನ ಕಂಪನಿಯವರು ಸ್ಪರ್ಧೆ ಇಟ್ಟಿದ್ದರು. ನಾನು ಹಿತ್ತಲ ಮೆಟ್ಟಿಲ ಮೇಲೆ ಕೂತು ಇಂಗ್ಲಿಷಿನಲ್ಲಿ ದೊಡ್ಡ ದೊಡ್ಡ ವಾಕ್ಯ ಬರೆದು ಹರಿದು ಹಾಕುತ್ತಿದ್ದೆ. ಅತ್ತೆ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದರು. ನನ್ನ ಗೋಳು ನೋಡಲಾರದೆ, "ಕೊಳೆ ಹೋಗ್ತೈತೆ, ಬಣ್ಣ ಉಳೀತೈತೆ, ನನ್ನ ಕೈ ನನಗ ಉಳೀತೈತೆ. ಅಷ್ಟು ಬರಿ, ಎದ್ದು ರೊಟ್ಟಿಗೆ ಇಡು" ಅಂದರು. ಅದನ್ನೇ ಇಂಗ್ಲಿಷಿಗೆ ತಿರುಗಿಸಿ ಬರೆದೆ. ಒಂದು ಪದ ಕೂಡ ನನ್ನದಲ್ಲ.

ಹೆಸರು, ಸಹಿ ಎಂಬ ಕಡೆಯೂ ನಾನು ನನ್ನದನ್ನು ಹಾಕಲಿಲ್ಲ. ಅತ್ತೆಯ ಕೈಗುಣ ನಿಮಗೆ ಗೊತ್ತಿಲ್ಲದ್ದೇ? ಹದಡಿಯಲ್ಲಿ ಈಗಲೂ ಬಿತ್ತನೆಯ ಮೊದಲ ಹಿಡಿ ಕಾಳು ಅವರ ಕೈಯಿಂದಲೇ ಕೂರಿಗೆಗೆ ಬೀಳಬೇಕು. ನಿಮ್ಮ ತಂದೆ ತೀರಿಕೊಂಡ ವರ್ಷ, ವಿಧವೆಯ ಕೈ ಎಂದು ಕೆಲವರು ತಕರಾರು ತೆಗೆದರಂತೆ. ಊರವರು ಕೇಳಲಿಲ್ಲ, ಗಾಡಿ ಕಳಿಸಿ ಕರೆಸಿಕೊಂಡರು. ಅಂಥ ಕೈ ಮನೆಯಲ್ಲೇ ಇರುವಾಗ ನಾನು ಯಾಕೆ ಸಹಿ ಹಾಕಲಿ? ಶಾಲೆಯ ಮಸಿ ಬಾಟಲಿ ತಂದು ಹೆಬ್ಬೆಟ್ಟು ಒತ್ತಿಸಿದೆ. ಜನವರಿಯಲ್ಲಿ ಮುಂಬಯಿಯಿಂದ ಬಂದ ಅಧಿಕಾರಿ ಆ ಇಂಗ್ಲಿಷ್ ವಾಕ್ಯದ ಶ್ರೀಮತಿ ಓಬವ್ವನವರನ್ನು ಕಾಣಬೇಕೆಂದಾಗ, ಸಗಣಿ ಬುಟ್ಟಿ ಕೆಳಗಿಟ್ಟು ಎದುರಿಗೆ ನಿಂತವರು ನಿಮ್ಮ ತಾಯಿ. ಆ ಮನುಷ್ಯನ ಮುಖ ನೀವು ನೋಡಬೇಕಿತ್ತು! ಆದರೆ ಅವರು ಒಳ್ಳೆಯವರು. ಬಗ್ಗಿ ಕೈಮುಗಿದು, ಗೆದ್ದವರು ತಮ್ಮ ಸಂಗಡ ಮನಸ್ಸಿಗೆ ಬಂದ ಒಬ್ಬರನ್ನು ಕರೆದೊಯ್ಯಬಹುದು ಎಂದು ಹೇಳಿ ಹೋದರು. ಆ ಒಂದು ಮಾತಿನಿಂದ ಇಷ್ಟೆಲ್ಲ ಆಯಿತು.

ಮೇ ತಿಂಗಳಲ್ಲಿ ಹೊರಡುವುದು. ಶಾಲೆಗೆ ರಜೆ. ರೋಮಿನಲ್ಲಿ ಮೂರು ದಿನ, ಪ್ಯಾರಿಸ್ಸಿನಲ್ಲಿ ನಾಲ್ಕು ದಿನ. ಅಚ್ಚು ಹಾಕಿಸಿದ ಕಾರ್ಯಕ್ರಮ ಕಂಪನಿಯವರು ಕಳಿಸಿದ್ದಾರೆ. ಹದಿನೆಂಟು ವರ್ಷದಿಂದ ನಾನು ಏಳನೆಯ ತರಗತಿಗೆ ಯುರೋಪು ಪಾಠ ಮಾಡುತ್ತಿದ್ದೇನೆ. ಟೈಬರ್ ದಡದಲ್ಲಿ ರೋಮ್, ಸೀನ್ ದಡದಲ್ಲಿ ಪ್ಯಾರಿಸ್ ಎಂದು ಕೋಲಿನಿಂದ ಚುಚ್ಚಿ ಚುಚ್ಚಿ ತೋರಿಸಿ, ಭೂಪಟದಲ್ಲಿ ಪ್ಯಾರಿಸ್ ಇದ್ದ ಕಡೆ ಈಗ ತೂತು ಬಿದ್ದಿದೆ. ಆ ತೂತಿನಲ್ಲಿ ನಾನು ಇಳಿದು ಬರುತ್ತೇನೆ ಅಂದರೆ ನನಗೇ ನಂಬಿಕೆ ಬರುವುದಿಲ್ಲ. ಪಾಠ ಮಾಡುವಾಗ ಮಧ್ಯೆ ಮಧ್ಯೆ ಸುಮ್ಮನೆ ನಗು ಬರುತ್ತದೆ. ಹುಡುಗಿಯರು ಟೀಚರಿಗೆ ಏನೋ ಆಗಿದೆ ಎಂದುಕೊಂಡಿದ್ದಾರೆ.

ಕಾರ್ಯಕ್ರಮವನ್ನು ಸಾಲು ಸಾಲಾಗಿ ಓದಿ ಹೇಳಿದೆ. ಅತ್ತೆ ಅದನ್ನು ಇಟ್ಟಂತೆ ಇಡಲಿಲ್ಲ. ರೋಮಿನ ಹಳೆಯ ಬಯಲು ರಂಗಮಂದಿರಕ್ಕೆ ಒಂದಿಡೀ ದಿನ ಇತ್ತು. "ಬಿದ್ದ ಗೋಡೆ ನೋಡಾಕ ಅರ್ಧ ದಿನ ಸಾಕು. ಕಾರಂಜಿ ಅದಾವ ಅಂದೆಲ್ಲ, ಅಲ್ಲಿ ಕಾಲು ಚಾಚಿ ಕೂಡ್ರೋಣ" ಅಂದರು. ಪ್ಯಾರಿಸ್ಸಿನಲ್ಲಿ ಅತ್ತರಿನ ಅಂಗಡಿಗೆಂದು ಇಟ್ಟಿದ್ದ ಬೆಳಗು ಬೇಡವಂತೆ, ಅಲ್ಲಿಯ ತರಕಾರಿ ಸಂತೆ ನೋಡಬೇಕಂತೆ. ಹಾಗೆಯೇ ಕಂಪನಿಗೆ ಬರೆದೆ, ಆಗಲಿ ಎಂದು ಉತ್ತರ ಬಂದಿದೆ. ಕಬ್ಬಿಣದ ಗೋಪುರದ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ಜಗಳವಾಯಿತು. ನಾನು ತುದಿಯವರೆಗೆ ಹೋಗಲೇಬೇಕು. ಅತ್ತೆ ಕೆಳಗೆ ಕೂತು ಹತ್ತಿ ಇಳಿಯುವವರ ಮುಖ ನೋಡುತ್ತಾರಂತೆ, ಮೇಲೆ ಏನಿದೆ ಎಂದು ಅದರಲ್ಲೇ ಗೊತ್ತಾಗುತ್ತದಂತೆ.

ಊಟದ ವ್ಯವಸ್ಥೆ ಅವರದೇ. ಒಬ್ಬರಿಗೆ ಹೊತ್ತಿಗೆ ಎರಡು ಒಣ ಕಟಕ ರೊಟ್ಟಿ, ದಿನಕ್ಕೆ ಎರಡು ಹೊತ್ತು. ಹಾಗಾಗಿ ನಮ್ಮ ಮನೆಯಲ್ಲಿ ಈಗ ರೋಮ್ ಅಂದರೆ ಇಪ್ಪತ್ನಾಲ್ಕು ರೊಟ್ಟಿ, ಪ್ಯಾರಿಸ್ ಅಂದರೆ ಮೂವತ್ತೆರಡು. ದಾರಿಗೆ ಹದಿನಾರು. ಇದರ ಮೇಲೆ ಎಂಟು ಯಾಕೆ ಎಂದು ಕೇಳಿದರೆ, ಹೋಟೆಲಿನ ಕೋಣೆಗೆ ಯಾರಾದರೂ ಮಾತಾಡಿಸಲು ಬಂದರೆ ಬರಿಗೈಲಿ ಕಳಿಸುವುದು ಹೇಗೆ ಅನ್ನುತ್ತಾರೆ. ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿಪುಡಿ, ಒಂದು ಡಬ್ಬಿ ಮಂಡಕ್ಕಿ. ಪಂಪ್ ಸ್ಟೌ ವಿಮಾನದಲ್ಲಿ ಬಿಡುವುದಿಲ್ಲ ಎಂದು ನಾನು ಹೇಳಿದ್ದು ಇನ್ನೂ ಅವರಿಗೆ ಒಪ್ಪಿಗೆಯಾಗಿಲ್ಲ.

ಚಳಿಗೆಂದು ಎರಡು ಕೋಟು ಹೊಲಿಸಿದೆ. ಕರಿ ಕಂಬಳಿಯ ಕೋಟು! ಮಂಡಿಪೇಟೆಯ ದರ್ಜಿ ಮೊದಲು ನಕ್ಕ, ಎರಡು ಸೂಜಿ ಮುರಿದ ಮೇಲೆ ನಗು ನಿಲ್ಲಿಸಿದ. ಕೋಟು ಮುಗಿದಾಗ ತಾನೇ ಹಾಕಿಕೊಂಡು ಕನ್ನಡಿ ಮುಂದೆ ನಿಂತಿದ್ದ. ನಾನೂ ಹಾಕಿಕೊಂಡು ನೋಡಿದೆ. ಚೆನ್ನಾಗಿ ಕಾಣುತ್ತೇನೆ. ನನಗೆ ನಲವತ್ತೆರಡು ತುಂಬಿತು, ಇದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ.

ಇನ್ನು ಭಾನುವಾರದ ಸಂಗತಿ. ನೀವು ಕಳಿಸಿದ ರಾಯಭಾರಿ, ಅತ್ತೆಯ ತಮ್ಮ ತಿಪ್ಪೇರುದ್ರಪ್ಪ ಮಾವ, ನಂದಿಗುಡಿಯಿಂದ ಮೊದಲ ಬಸ್ಸಿಗೇ ಬಂದರು. ಅಕ್ಕನಿಗೆಂದು ಹೊಸ ಅಕ್ಕಿ ತಂದಿದ್ದರು. ಸೋಪಿನ ಏಜೆಂಟರಾದ ಅಲ್ಲಾಬಕ್ಷ್ ಸಾಹೇಬರೂ ಆ ಹೊತ್ತಿಗೇ ಬಂದರು. ಸಂಗಡ ಬರುವವರ ಹೆಸರು ತುಂಬುವ ಫಾರಂ ಅವರ ಕೈಯಲ್ಲಿತ್ತು. ಅತ್ತೆ ಇಬ್ಬರನ್ನೂ "ಬರ್ರಿ, ಕೂಡ್ರಿ" ಎಂದು ಪಡಸಾಲೆಯಲ್ಲಿ ಕೂರಿಸಿದರು. ನಾನು ಚಹಾ ತಂದಿಟ್ಟೆ. ಮಾವ ಚಹಾ ಮುಟ್ಟದೆ ಶುರು ಮಾಡಿದರು.

"ಅಕ್ಕಾ, ಹೆತ್ತ ಮಗ ಇರುವಾಗ ಸೊಸೀನ ಕರಕೊಂಡು ಹೋದ್ರ ಮಂದಿ ಏನಂತಾರ? ಗಂಡಸ್ರು ಇಲ್ದ ಇಬ್ರು ಹೆಂಗಸ್ರು ಪರದೇಶಕ್ಕ ಹೆಂಗೆ ಹೋಗ್ತೀರಿ?"

ಅತ್ತೆ ಅವಸರ ಮಾಡಲಿಲ್ಲ. ಸೆರಗು ಸರಿಮಾಡಿಕೊಂಡು, "ಒಂಬತ್ತು ವರ್ಷ ಗಂಡಸ್ರು ಇಲ್ದ ಈ ಮನೆ ನಡದೈತೆ. ಏಳು ದಿನ ನಡೆಯಂಗಿಲ್ಲೇನು?" ಎಂದು ಕೇಳಿದರು.

ಮಾವನೂ ಬಿಡಲಿಲ್ಲ. ನೀವು ಕಾರ್ಖಾನೆಯಲ್ಲಿ ಪರದೇಶದವರ ಜೊತೆ ಇಂಗ್ಲಿಷ್ ಮಾತಾಡುವುದು, ರಜೆಗೆ ಬರೆದದ್ದು, ಕ್ಯಾಂಟೀನಿನಲ್ಲಿ ಎಲ್ಲರಿಗೂ ಸಿಹಿ ಹಂಚಿದ್ದು, ಕಡೆಗೆ ಬೂದು ಬಣ್ಣದ ಸೂಟು ಹೊಲಿಸಿದ್ದು, ಎಲ್ಲ ಹೇಳಿದರು. ಸೂಟಿನ ಸುದ್ದಿ ಕೇಳಿ ನನಗೆ ನಗು ತಡೆಯಲಿಲ್ಲ, ಒಳಗೆ ಹೋಗಿ ಬಂದೆ. ಆಗ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ. "ಅವನು ನನ್ನ ನೋಡ್ಕಳಾಕ ಬರ್ತಾನೋ, ಊರು ನೋಡಾಕ ಬರ್ತಾನೋ?" ಮಾವ ಬಟ್ಟಲು ಕೈಗೆತ್ತಿಕೊಂಡರು. ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದರು.

ಒಂಬತ್ತು ವರ್ಷದ ಹಿಂದೆ ನೀವು ಈ ಪಡಸಾಲೆಯಲ್ಲೇ ನಿಂತು ಹೇಳಿದ್ದು ನನಗೆ ಮರೆತಿಲ್ಲ. ಕ್ವಾರ್ಟರ್ಸ್ ಸಿಕ್ಕಿದೆ, ಶಾಲೆ ಬಿಟ್ಟು ಬಾ, ಇಲ್ಲದಿದ್ದರೆ ಇಲ್ಲೇ ಇರು ಎಂದಿರಿ. ನಾನು ಇಲ್ಲೇ ಇದ್ದೆ. ನಿಮ್ಮ ಜೊತೆ ಹೋದ ಅತ್ತೆ ಹದಿನೈದೇ ದಿನಕ್ಕೆ ಟ್ರಂಕು ಹೊತ್ತು ಬಸ್ಸಿಳಿದರು. "ಅಲ್ಲಿ ಅವನು ಮಾತೇ ಆಡಲ್ಲ, ಇಲ್ಲಿ ನೀನು ಬೈತಿ. ಬೈಯೋದೇ ವಾಸಿ" ಅಂದರು. ಅಂದಿನಿಂದ ನಾವಿಬ್ಬರೂ ಬೈದಾಡಿಕೊಂಡು ಸುಖವಾಗಿದ್ದೇವೆ. ಭಾನುವಾರ ಅವರು ಎಲ್ಲರೆದುರು ನನ್ನ ಕಡೆ ಬೆರಳು ಮಾಡಿ "ಇವಳೇ ಬರೋಳು" ಅಂದಾಗ ನನಗೆ ಎದ್ದು ಕುಣಿಯಬೇಕು ಅನಿಸಿತು. ಫಾರಮ್ಮಿನಲ್ಲಿ ನನ್ನ ಹೆಸರು ತುಂಬಿದೆ, ಅತ್ತೆ ಹೆಬ್ಬೆಟ್ಟು ಒತ್ತಿದರು, ಸಾಹೇಬರು ಸೋಮವಾರವೇ ಮುಂಬಯಿಗೆ ರಿಜಿಸ್ಟರ್ ಮಾಡಿದರು. ಮುಗಿಯಿತು.

ನಿಮ್ಮ ರಜೆಯನ್ನು ರದ್ದು ಮಾಡಿಸಬೇಡಿ. ಎಮ್ಮೆ ಈದು ಇನ್ನೂ ತಿಂಗಳಾಗಿಲ್ಲ, ನಾವು ಬರುವವರೆಗೆ ಹಾಲು ಕರೆಯುವವರು ಬೇಕು. ಅದು ಗುರುತಿಲ್ಲದವರಿಗೆ ಒದೆಯುತ್ತದೆ. ಆದ್ದರಿಂದ ಎರಡು ದಿನ ಮುಂಚೆಯೇ ಬಂದು ಪರಿಚಯ ಮಾಡಿಕೊಳ್ಳುವುದು ಒಳ್ಳೆಯದು. ಬೀಗದ ಕೈ ನಿಮ್ಮ ಕೈಗೇ ಕೊಟ್ಟು ಹೋಗುತ್ತೇವೆ. ಬೂದು ಸೂಟನ್ನು ನಮ್ಮನ್ನು ರೈಲು ಹತ್ತಿಸಲು ಬರುವಾಗ ಹಾಕಿಕೊಳ್ಳಿ. ಅಷ್ಟು ಖರ್ಚು ಮಾಡಿ ಹೊಲಿಸಿದ್ದೀರಿ, ದಾವಣಗೆರೆ ಸ್ಟೇಷನ್ನಿನಲ್ಲಿ ನಾಲ್ಕು ಜನ ನೋಡಲಿ.

ಇಂತಿ,
ಬರುವ ಮೇ ತಿಂಗಳಲ್ಲಿ ಊರಲ್ಲಿ ಸಿಗದಿರುವ
ಉಡಚಮ್ಮ

ತಾ.ಕ.: ಅಂಟಿಸುವ ಮೊದಲು ಪತ್ರವನ್ನು ಅತ್ತೆಗೆ ಓದಿ ಹೇಳಿದೆ. ಎಲ್ಲ ಕೇಳಿ, "ಫಾರಂ ಇಚಾರದಾಗ ಸುಳ್ಳು ಬರದೀಯ. ಖರೆ ಬರಿ. ಇಲ್ಲಾಂದ್ರ ಟಪಾಲಿಗೆ ಹಾಕಬ್ಯಾಡ" ಎಂದು ಎದುರಿಗೇ ಕೂತಿದ್ದಾರೆ. ಬೂಟು ಕೂಡ ಬಿಚ್ಚಿಲ್ಲ.

ಖರೆ ಇಷ್ಟು. ಅತ್ತೆ ಹೇಳಿದ್ದು ನನ್ನ ಹೆಸರು, ನಾನು ಬರೆದದ್ದು ನಿಮ್ಮ ಹೆಸರು. ಸೂಟಿನ ಸುದ್ದಿ ಕೇಳಿ ನಾನು ಒಳಗೆ ಹೋದದ್ದು ನಗಲು ಅಲ್ಲ. ಸಿಹಿ ಹಂಚಿದ ಕ್ಯಾಂಟೀನಿನಲ್ಲಿ ನೀವು ಮತ್ತೆ ಹೇಗೆ ಮುಖ ತೋರಿಸುತ್ತೀರಿ ಅನಿಸಿ ಸಂಕಟವಾಯಿತು. ಹೊರಗೆ ಬಂದು ಪೆನ್ನು ಹಿಡಿದಾಗ ಕೈ ನಿಮ್ಮ ಹೆಸರನ್ನೇ ಬರೆಯಿತು. ಅತ್ತೆಗೆ ಓದಲು ಬರುವುದಿಲ್ಲ, ರೈಲು ಹತ್ತುವವರೆಗೆ ತಿಳಿಯುವುದಿಲ್ಲ ಎಂದುಕೊಂಡೆ. ಆದರೆ ಹೊಲದ ಪತ್ರದಲ್ಲಿ ಒಮ್ಮೆ ಮೋಸ ಹೋದಂದಿನಿಂದ, ಹೊರಗಿನವರು ತಂದ ಕಾಗದವನ್ನು ಬರೆದವರಲ್ಲದೆ ಬೇರೊಬ್ಬರು ಗಟ್ಟಿಯಾಗಿ ಓದಿ ಹೇಳದೆ ಅವರು ಹೆಬ್ಬೆಟ್ಟು ಒತ್ತುವುದಿಲ್ಲವಂತೆ. ಸಾಹೇಬರ ಕೈಗೆ ಕೊಟ್ಟು ಓದಿಸಿದರು. ಸಾಹೇಬರು ಓದಿದರು.

ಯಾಕೆ ಎಂದು ಅತ್ತೆ ಕೇಳಿದರು. ಅವರೇ ಹೋಗಲಿ ಬಿಡಿ, ನನಗೆ ಭೂಪಟವೇ ಸಾಕು ಎಂದೆ. ಇಷ್ಟು ವರ್ಷದಲ್ಲಿ ಅತ್ತೆಗೆ ಅಂಥ ಸಿಟ್ಟು ಬಂದದ್ದನ್ನು ನಾನು ಕಂಡಿರಲಿಲ್ಲ. "ನಾನು ನಮ್ಮ ಅತ್ತೆಗ ಬಿಟ್ಟುಕೊಟ್ಟೆ, ಗಂಡಗ ಬಿಟ್ಟುಕೊಟ್ಟೆ, ಮಗಗ ಬಿಟ್ಟುಕೊಟ್ಟೆ. ತಗಂಡೋರು ಯಾರೂ ಒಂದಿನ ತಿರುಗಿ ನೋಡ್ಲಿಲ್ಲ. ನೀನು ಬಿಡಬ್ಯಾಡ. ಗೀಟು ಹೊಡಿ" ಅಂದರು. ತಿಪ್ಪೇರುದ್ರಪ್ಪ ಮಾವನೇ ನೆಲಕ್ಕೆ ಬಿದ್ದಿದ್ದ ಪೆನ್ನು ಎತ್ತಿಕೊಟ್ಟರು.

ಸಾಹೇಬರ ಹತ್ತಿರ ಬೇರೆ ಫಾರಂ ಇರಲಿಲ್ಲ. ನಿಮ್ಮ ಹೆಸರಿನ ಮೇಲೆ ಗೀಟು ಎಳೆದು, ಪಕ್ಕದಲ್ಲಿ ನನ್ನ ಹೆಸರು ಬರೆದೆ. ತಿದ್ದಿದ್ದು ತಮ್ಮ ಒಪ್ಪಿಗೆಯಿಂದಲೇ ಎಂದು ಮುಂಬಯಿಯವರಿಗೆ ಗೊತ್ತಾಗಲಿ ಎಂದು, ಅತ್ತೆ ಆ ಗೀಟಿನ ಮೇಲೆಯೇ ಹೆಬ್ಬೆಟ್ಟು ಒತ್ತಿದರು.