ನಿನ್ನ ಕೈಯ ವಿಚಾರ

ಗ್ಯಾರೇಜಿನಿಂದ,
ಸೋಮವಾರ ಬೆಳಗ್ಗೆ, ತಾರೀಕು ಹದಿನಾಲ್ಕು

ಪ್ರೀತಿಯ ಮಗಳು ಸೂಜಿಗೆ, ನಿನ್ನ ಅಪ್ಪ ಬರೆಯುವುದು.

ಹೇಗಿದ್ದೀಯ? ಬೆನ್ನುನೋವು ಯಾವ ಮಟ್ಟಕ್ಕೆ ಬಂತು? ದಿನಕ್ಕೆ ಎಂಟು ಗಂಟೆ ಬಸ್ಸಿನ ಸ್ಟೇರಿಂಗ್ ಹಿಡಿದು ಕೂರುವವಳು ಸೊಂಟದ ಹಿಂದೆ ಒಂದು ದಿಂಬು ಇಟ್ಟುಕೋ ಎಂದು ಹೇಳಿದ್ದೆ. ಇಟ್ಟುಕೊಂಡಿರುವುದಿಲ್ಲ, ನನಗೆ ಗೊತ್ತು. ಅಳಿಯ ಚೆನ್ನಾಗಿದ್ದಾನೆಯೇ? ಮೊಮ್ಮಗಳು ಈಗ ನಿನ್ನಷ್ಟೇ ಎತ್ತರವಂತೆ. ನಾವು ಇದ್ದೇವೆ. ನಿನ್ನ ಅಮ್ಮನ ಮಂಡಿ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನನ್ನ ಬಲಗಿವಿ ಪೂರ್ತಿ ಹೋಯಿತು. ಡಾಕ್ಟರು ಕಿವಿಗೊಂದು ಮೆಷಿನ್ ಹಾಕಿಕೊಳ್ಳಿ ಎಂದರು. ನಲವತ್ತು ವರ್ಷ ಮೆಷಿನ್ ಕೇಳಿಯೇ ಕಿವಿ ಹೋದದ್ದು, ಅದಕ್ಕೆ ಮತ್ತೆ ಮೆಷಿನ್ನೇ ಎಂದು ಎದ್ದು ಬಂದೆ. ಅಮ್ಮ ಬೈಯುವುದು ಕೇಳಿಸುವುದಿಲ್ಲ ಎನ್ನುವುದೊಂದು ಬಿಟ್ಟರೆ ತೊಂದರೆಯೇನಿಲ್ಲ. ಅದಕ್ಕೂ ಅವಳು ಏನೋ ಅಂದಳು, ಅದೂ ಕೇಳಿಸಲಿಲ್ಲ.

ನಾನು ಕಾಗದ ಬರೆದದ್ದು ಕಂಡು ನೀನು ಹೆದರಬೇಡ, ಯಾರಿಗೂ ಏನೂ ಆಗಿಲ್ಲ. ನಾಲ್ಕನೇ ಕ್ಲಾಸಿಗೆ ಸ್ಲೇಟು ಎಸೆದು ಬಂದವನು ನಾನು, ಬರೆಯುವುದು ನನಗೆ ಬರಿಗೈಯಲ್ಲಿ ಟೈರು ಕಳಚಿದ ಹಾಗೆ. ಇಷ್ಟು ವರ್ಷ ನೀನು ಅಮ್ಮನಿಗೆ ಬರೆಯುತ್ತಿದ್ದೆ, ಅವಳು ಎಡಗಿವಿಯ ಹತ್ತಿರ ಕೂತು ಓದುತ್ತಿದ್ದಳು, ಕೊನೆಯಲ್ಲಿ ‘ಅಪ್ಪನಿಗೆ ನಮಸ್ಕಾರ’ ಎನ್ನುವುದು ನನ್ನ ಪಾಲು. ನಾನೂ ಅಷ್ಟಕ್ಕೇ ಸುಮ್ಮನಿದ್ದೆ. ಆದರೆ ಹೋದ ವಾರದ ಕಾಗದದಲ್ಲಿ ಒಂದು ಮಾತು ಇತ್ತಲ್ಲ. ಮಗಳು ಬೈಕ್ ಕಲಿಯುತ್ತೇನೆಂದು ಹಟ ಹಿಡಿದಿದ್ದಳು, ‘ನಮ್ಮ ಮನೆಯವರಿಗೆ ಆ ಕೈ ಇಲ್ಲ ಕಣೇ, ನಾನು ನೋಡಿ ಆಗಿದೆ’ ಎಂದು ಹೇಳಿ ಬಾಯಿ ಮುಚ್ಚಿಸಿದೆ ಎಂದು ಬರೆದಿದ್ದೆ. ಅಮ್ಮ ನಕ್ಕು ಮುಂದಕ್ಕೆ ಓದಿದಳು. ನಾನು ತಟ್ಟೆ ಸರಿಸಿ ಎದ್ದು ಹೋದೆ. ಆ ಮಾತು ನಿನ್ನದಲ್ಲ, ನನ್ನದು. ನನ್ನ ಬಾಯಿಂದ ನಿನಗೆ ಬಂತು, ಈಗ ನಿನ್ನ ಬಾಯಿಂದ ಆ ಮಗುವಿಗೆ ಹೋಯಿತು. ಅದರ ವಿಚಾರವೇ ಬರೆಯಬೇಕೆಂದು ಒಂದು ವಾರದಿಂದ ಕೂರುತ್ತಿದ್ದೇನೆ. ನಾಲ್ಕು ಹಾಳೆ ಹರಿದೆ.

ನಿನ್ನ ರೇಸಿನ ಗಾಡಿ ಇನ್ನೂ ಇದೆ. ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ, ಹಳೇ ಕಂಬಳಿಯ ಕೆಳಗೆ. ಈಗ ಇಂಥವಕ್ಕೆ ಜನ ಹುಡುಕಿಕೊಂಡು ಬರುತ್ತಾರೆ. ಮೊನ್ನೆ ಒಬ್ಬ ಹಲ್ಲಿನ ಡಾಕ್ಟರು ಕಂಬಳಿ ಎತ್ತಿ ನೋಡಿ, ಬೆಲೆ ಹೇಳಿ ಎಂದ. ಅದರಲ್ಲಿ ಏನಿದೆ ಅಂತ ಕೊಳ್ಳುತ್ತೀರಿ ಎಂದು ಕೇಳಿದರೆ, ಚಿಕ್ಕವನಿದ್ದಾಗ ಬೀದಿಯಲ್ಲಿ ಒಂದು ಹೋದದ್ದು ಕೇಳಿದ್ದೆ, ಆ ಸದ್ದು ಇನ್ನೂ ಕಿವಿಯಲ್ಲಿದೆ ಎಂದ. ಪರವಾಗಿಲ್ಲ, ಹಲ್ಲು ಕೀಳುವವನಾದರೂ ಕಿವಿ ಇದೆ ಅಂದುಕೊಂಡೆ. ಮಾರಲಿಲ್ಲ.

ನೂರಿಪ್ಪತ್ತೈದು ಸಿಸಿ, ಆರು ಗೇರು. ಇಬ್ಬರು ಸೇರಿದರೆ ಎತ್ತಿ ಲಾರಿಗೆ ಹಾಕಬಹುದು, ಅಷ್ಟೇ ತೂಕ. ನಿನಗೆ ಏಳು ವರ್ಷವಿದ್ದಾಗ ಹೇಳಿಕೊಟ್ಟದ್ದು ನೆನಪಿದೆಯೇ? ಫೋರ್-ಸ್ಟ್ರೋಕ್ ಎಂಜಿನ್ ಕಚೇರಿ ಗುಮಾಸ್ತನ ಹಾಗೆ, ಎರಡು ಸುತ್ತು ತಿರುಗಿದರೆ ಒಂದು ಸಲ ಕೆಲಸ ಮಾಡುತ್ತದೆ. ಟೂ-ಸ್ಟ್ರೋಕು ಪ್ರತಿ ಸುತ್ತಿಗೂ ದುಡಿಯುತ್ತದೆ, ಅದಕ್ಕೇ ಬೇಗ ಸಾಯುತ್ತದೆ. ನೀನು ಆಗ ‘ಹಾಗಾದರೆ ಅಮ್ಮ ಟೂ-ಸ್ಟ್ರೋಕು’ ಅಂದಿದ್ದೆ. ನಾನು ಏನು ಎಂದು ನೀನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಾರ್ಬುರೇಟರಿನ ಸೂಜಿಯನ್ನು ಬೀಳಿಸದೆ ಎರಡು ಬೆರಳಲ್ಲಿ ಹಿಡಿಯುತ್ತಿದ್ದವಳೆಂದು ಆ ಹೆಸರು ನಿನಗೆ ಅಂಟಿತು. ಗುಜರಿಗೆ ಬಂದ ಬಿದ್ದ ಗಾಡಿ ಅದು. ಎರಡು ವರ್ಷ ಕೂತು ಇಬ್ಬರೂ ಎಬ್ಬಿಸಿದೆವು. ನೀನು ಹಾಲು ಕುಡಿದ ಬಾಟಲಿಯಲ್ಲೇ ಆಯಿಲ್ ಅಳೆದು ಪೆಟ್ರೋಲಿಗೆ ಬೆರೆಸುತ್ತಿದ್ದೆ. ಮೊದಲ ಸಲ ಕಿಕ್ ಹೊಡೆದಾಗ ಕೋಣೆ ತುಂಬ ನೀಲಿ ಹೊಗೆ, ಅಮ್ಮ ಒಗೆದು ಹಾಕಿದ ಬಟ್ಟೆಯೆಲ್ಲ ವಾಸನೆ, ಅವಳು ಮೂರು ದಿನ ನಮ್ಮಿಬ್ಬರ ಜೊತೆ ಮಾತು ಬಿಟ್ಟಳು.

ಆ ಗಾಡಿಯ ಗುಣ ಎಲ್ಲರಿಗೂ ಒಗ್ಗುವುದಿಲ್ಲ. ನಿಮಿಷಕ್ಕೆ ಏಳು ಸಾವಿರ ಸುತ್ತಿನ ಕೆಳಗೆ ಅದು ಮುದುಕನ ಹಾಗೆ ಕೆಮ್ಮುತ್ತ, ಗೊಣಗುತ್ತ ಹೋಗುತ್ತದೆ. ಏಳು ದಾಟಿತೋ, ಹಿಂದಿನಿಂದ ಯಾರೋ ಒದ್ದ ಹಾಗೆ. ಸದ್ದೇ ಬೇರೆಯಾಗುತ್ತದೆ, ಮುಂದಿನ ಚಕ್ರ ಹಗುರಾಗುತ್ತದೆ. ಹೊಟ್ಟೆ ಉಬ್ಬಿದ ಆ ಸೈಲೆನ್ಸರು ಇದೆಯಲ್ಲ, ಎಲ್ಲ ಜಾದೂ ಅದರದ್ದು. ಆಚೆಗೆ ಹೋಗಲು ಹೊರಟ ಪೆಟ್ರೋಲನ್ನು ತಿರುಗಿಸಿ ಒಳಗೆ ತಳ್ಳುತ್ತದೆ. ಆದರೆ ಆ ಶಕ್ತಿ ಇರುವುದು ಸಣ್ಣ ಜಾಗದಲ್ಲಿ, ಏಳರಿಂದ ಹತ್ತೂವರೆ ಸಾವಿರದ ಒಳಗೆ. ಒಂದು ಗೇರು ತಪ್ಪಿದರೆ ಮತ್ತೆ ಮುದುಕ. ಎಡಗೈಯಲ್ಲಿ ಕ್ಲಚ್ಚು, ಬಲಗೈಯಲ್ಲಿ ಆಕ್ಸಿಲರೇಟರು, ಎರಡೂ ಒಂದೇ ಉಸಿರಿನಲ್ಲಿ ಮಾತಾಡಬೇಕು. ಅದಕ್ಕೇ ‘ಕೈ’ ಎನ್ನುವುದು. ನನಗೆ ಅದು ಸುಮಾರಾಗಿ ಇತ್ತು.

ರೇಸಿಗೆ ಹತ್ತು ದಿನ ಮೊದಲು, ಅದು ನಡೆಯಲಿದ್ದ ಹಳೇ ವಿಮಾನ ನಿಲ್ದಾಣದಲ್ಲೇ ನೀನು ಅಭ್ಯಾಸ ಮಾಡಿದ ದಿನ ನಾನು ಮೂರನೇ ತಿರುವಿನ ತಂತಿಬೇಲಿಯ ಹತ್ತಿರ ಗಡಿಯಾರ ಹಿಡಿದು ನಿಂತಿದ್ದೆ. ನೀನು ಬಂದ ರಭಸಕ್ಕೆ ಇವಳು ತಿರುಗುವುದಿಲ್ಲ, ನೇರ ಗೋಡೆಗೇ ಎಂದುಕೊಂಡೆ. ನೀನು ಮಂಡಿ ನೆಲಕ್ಕೆ ತಾಗಿಸಿ, ಒಳಗೇ ಇನ್ನೊಂದು ಗೇರು ಇಳಿಸಿ, ಸದ್ದು ಒಂದು ಕ್ಷಣವೂ ಕೆಳಗೆ ಬೀಳದ ಹಾಗೆ ಆಚೆ ಹೋದೆ. ನಾನು ಬೇಲಿ ಹಿಡಿದುಕೊಂಡೆ. ನೀನು ಬಂದು ಹೆಲ್ಮೆಟ್ಟು ತೆಗೆದು ‘ಎಷ್ಟಾಯ್ತಪ್ಪಾ?’ ಎಂದಾಗ, ಗುಂಡಿ ಒತ್ತುವುದು ಮರೆತೆ ಅಂದೆ. ಮರೆತಿರಲಿಲ್ಲ. ಹಿಂದಿನ ವರ್ಷ ಗೆದ್ದವನಿಗಿಂತ ಎರಡು ಸೆಕೆಂಡು ಕಡಿಮೆ ಇತ್ತು. ಈಗ ಹೇಳುತ್ತಿದ್ದೇನೆ, ಇಪ್ಪತ್ತೆರಡು ವರ್ಷ ತಡವಾಗಿ.

ಆಮೇಲೆ ರೇಸಿನ ದಿನ. ಮೊದಲ ಮೂವರಲ್ಲಿ ಒಬ್ಬರನ್ನು ತನ್ನ ತಂಡಕ್ಕೆ ತೆಗೆದುಕೊಂಡು ದೂರದೂರಿಗೆ ಕರೆದೊಯ್ಯಲು ಆ ಕಪ್ಪು ಕನ್ನಡಕದ ಮ್ಯಾನೇಜರು ಬಂದು ಕೂತಿದ್ದ. ನಿನ್ನ ಗಾಡಿ ಏಳು ಸಾವಿರದವರೆಗೆ ಚೆನ್ನಾಗಿ ಬಂತು, ಆಚೆಗೆ ಏರಲೇ ಇಲ್ಲ. ಒದೆತ ಬರಬೇಕಾದ ಜಾಗದಲ್ಲಿ ಸಪ್ಪೆ. ಮೊದಲ ಸುತ್ತಿನ ಸ್ಪರ್ಧೆ ಮುಗಿದ ಮೇಲೆ ನೀನು ಪ್ಲಗ್ ಬದಲಾಯಿಸಿದೆ, ಪೆಟ್ರೋಲು ಹಾಯುವ ಜೆಟ್ ಬದಲಾಯಿಸಿದೆ, ಮೊಣಕೈವರೆಗೆ ಎಣ್ಣೆ ಮಾಡಿಕೊಂಡು ಕಾರ್ಬುರೇಟರು ಬಿಚ್ಚಿ ಊದಿದೆ. ಆಮೇಲೆ ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಕಿವಿಗೊಟ್ಟು ಕೇಳಿ, ‘ಅಪ್ಪಾ, ಪೆಟ್ರೋಲು ಸರಿಯಾಗಿ ಬರ್ತಿದೆ. ಉಸಿರು ಆಚೆ ಹೋಗ್ತಿಲ್ಲ. ಇದರ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ, ಸೈಲೆನ್ಸರು ಬಿಚ್ಚೋಣ’ ಅಂದೆ. ನಮ್ಮ ಬೀದಿಯ ಟೈರ್ ಅಂಗಡಿಯವನು ನಿಂತಿದ್ದ, ಆ ಮ್ಯಾನೇಜರೂ ಬಂದು ನಿಂತಿದ್ದ. ನಾನು ನಿನ್ನ ಕೈಯಿಂದ ಸ್ಪ್ಯಾನರು ಕಿತ್ತುಕೊಂಡು, ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಾಡಿ ಸರಿಯಾಗೇ ಇದೆ, ನಿನಗೆ ಆ ಕೈ ಇಲ್ಲ’ ಅಂದೆ. ಟೈರ್ ಅಂಗಡಿಯವನು ನಕ್ಕ. ನೀನು ನಗಲಿಲ್ಲ, ಅಳಲೂ ಇಲ್ಲ. ಗಾಡಿಯನ್ನೊಮ್ಮೆ ನೋಡಿದೆ, ನನ್ನನ್ನೊಮ್ಮೆ ನೋಡಿದೆ, ನನ್ನ ಮಾತನ್ನೇ ನಂಬಿದೆ. ಇಪ್ಪತ್ತು ವರ್ಷ ಎಂಜಿನ್ ಬಿಚ್ಚಿದ ಅಪ್ಪ ಹೇಳಿದರೆ ಯಾವ ಮಗಳು ನಂಬುವುದಿಲ್ಲ?

ಒಂಬತ್ತನೆಯವಳಾಗಿ ಬಂದೆ. ಮನೆಗೆ ಬಂದು ಕೈಗವಸು ಮೊಳೆಗೆ ನೇತುಹಾಕಿದವಳು ಮತ್ತೆ ಮುಟ್ಟಲಿಲ್ಲ. ಮೂರು ತಿಂಗಳಿಗೆ ಬಸ್ಸಿನ ಕೆಲಸ ಹುಡುಕಿಕೊಂಡು ನೀನು ಈಗಿರುವ ಊರಿಗೆ ಹೊರಟೆ. ಬಸ್ ನಿಲ್ದಾಣಕ್ಕೆ ನಾನು ಬರಲಿಲ್ಲ, ಒಂದು ಕ್ಲಚ್ ಪ್ಲೇಟು ಅರ್ಜೆಂಟು ಎಂದೆ. ಯಾವ ಅರ್ಜೆಂಟೂ ಇರಲಿಲ್ಲ. ಕೈಗವಸು ಅದೇ ಮೊಳೆಯಲ್ಲಿದೆ. ಅಮ್ಮ ಧೂಳು ಹೊಡೆದು ಮತ್ತೆ ಅಲ್ಲೇ ಹಾಕುತ್ತಾಳೆ.

ಹೋದ ವರ್ಷ ನಿನ್ನ ಮನೆಗೆ ಬಂದಾಗ ನಿನ್ನ ಬಸ್ಸಿನಲ್ಲಿ ಕೂತೆನಲ್ಲ, ನನ್ನ ಪಕ್ಕದ ಹೆಂಗಸಿನ ಮಡಿಲಲ್ಲಿ ಒಂದು ತಟ್ಟೆ ಮೊಟ್ಟೆ ಇತ್ತು. ಕೈ ಅಡ್ಡ ಹಿಡಿಯದೆ ಅವಳು ತೂಕಡಿಸುತ್ತಿದ್ದಳು. ನೀನು ಇಳಿಜಾರಿನಲ್ಲಿ ಗೇರು ಇಳಿಸಿದ್ದು, ತಿರುಗಿಸಿದ್ದು, ನಿಲ್ಲಿಸಿದ್ದು, ಯಾವುದೂ ಆ ಮೊಟ್ಟೆಗಳಿಗೆ ಗೊತ್ತಾಗಲಿಲ್ಲ. ಆಗಲೇ ಹೇಳಬೇಕಿತ್ತು, ಹೇಳಬೇಕೆಂದೇ ಎದ್ದು ಮುಂದೆ ಬಂದೆ. ಬಾಯಿಗೆ ಬಂದದ್ದು ಮಾತ್ರ ‘ಬ್ರೇಕು ಇನ್ನೂ ಸ್ವಲ್ಪ ಮೊದಲೇ ಹಿಡೀಬೇಕು’. ನನ್ನ ನಾಲಗೆಯ ಬುದ್ಧಿ ನಿನಗೆ ಗೊತ್ತಲ್ಲ, ಅದಕ್ಕೆ ಒಂದೇ ಗೇರು.

ಅಳಿಯನಿಗೆ ನನ್ನ ನೆನಪು ಹೇಳು. ಮೊಮ್ಮಗಳ ತಲೆಯ ಮೇಲೆ ನನ್ನ ಬದಲಿಗೆ ನೀನೇ ಕೈಯಿಟ್ಟು, ಒಳ್ಳೆಯದಾಗಲಿ ಎನ್ನು. ನಿನಗೂ ಒಳ್ಳೆಯದಾಗಲಿ, ಬೆನ್ನು ನೋಡಿಕೋ, ದಿಂಬು ಇಟ್ಟುಕೋ.

ಇತಿ,
ನಿನ್ನ ಅಪ್ಪ

ಮರೆತದ್ದು: ಮರೆತದ್ದಲ್ಲ, ಬರೆಯಲಾಗದ್ದು. ಅಂಚೆ ಡಬ್ಬಿ ತೆಗೆಯುವವನ ಸೈಕಲ್ಲು ಬೀದಿ ತುದಿಗೆ ಬಂದಿದೆ, ಬೇಗ ಬರೆಯುತ್ತೇನೆ. ಲಕೋಟೆಯೊಳಗೆ ಬಟ್ಟೆ ಸುತ್ತಿದ ಒಂದು ಕಬ್ಬಿಣದ ವಾಷರಿದೆ, ನೋಡು. ನಡುವಿನ ತೂತು ಚಿಕ್ಕದು, ನಿನ್ನ ಕಿರುಬೆರಳಷ್ಟು. ಹೊಸದಾಗಿ ಕಲಿಯುವವರ ಗಾಡಿ ಜೋರಾಗಿ ಓಡದಿರಲಿ ಎಂದು ಸೈಲೆನ್ಸರಿನ ಬಾಯಿಗೆ ಹಾಕುವಂಥದ್ದು. ರೇಸಿನ ಹಿಂದಿನ ದಿನ ಮಧ್ಯಾಹ್ನ ನೀನು ಸ್ನಾನಕ್ಕೆ ಹೋದಾಗ ನಾನೇ ಹಾಕಿದೆ. ಆ ಮೂರನೇ ತಿರುವು ಕಂಡು ಹೆದರಿದೆ, ಅದು ಅರ್ಧ. ಗೆದ್ದರೆ ಆ ಮ್ಯಾನೇಜರು ನಿನ್ನನ್ನು ಕರೆದುಕೊಂಡು ಹೋಗುತ್ತಾನೆ, ಗ್ಯಾರೇಜಿನಲ್ಲಿ ನಾನೊಬ್ಬನೇ ಆಗುತ್ತೇನೆ ಎನ್ನುವುದು ಇನ್ನರ್ಧ. ಆದದ್ದೂ ಅದೇ. ಮಾರನೇ ವಾರ ಬಿಚ್ಚಿ ತೆಗೆದೆ, ಬಿಸಾಡಲು ಕೈ ಬರಲಿಲ್ಲ. ಅಮ್ಮನಿಗೆ ಇವತ್ತು ಬೆಳಗ್ಗೆ ಹೇಳಿದೆ. ತಟ್ಟೆ ಕುಕ್ಕಿ ಒಳಗೆ ಹೋದವಳು ಇನ್ನೂ ಆಚೆ ಬಂದಿಲ್ಲ. ಓಡುವ ಎಂಜಿನ್ನಿಗೆ ಬರೀ ಕಿವಿಗೊಟ್ಟು, ಒಂದು ಬೋಲ್ಟು ಬಿಚ್ಚದೆ, ಗಂಟಲಲ್ಲಿ ಏನೋ ಇದೆ ಎಂದು ಹೇಳಿದವರನ್ನು ನಾನು ಈ ನಲವತ್ತು ವರ್ಷದಲ್ಲಿ ಇನ್ನೊಬ್ಬರನ್ನು ಕಂಡಿಲ್ಲ. ಮೊದಲು ನಿನ್ನ ಮಗಳಿಗೆ ಹೇಳಿದ ಆ ಮಾತು ವಾಪಸು ತೆಗೆದುಕೋ. ನನ್ನ ವಿಚಾರ ಆಮೇಲೆ.