ಸಡಿಲವಾಗಿದ್ದ ತಿರುಪು

ಸ್ಫಾಕ್ಸ್, ೧೨ ಮಾರ್ಚ್ ೧೯೯೬, ಮಂಗಳವಾರ

ಭಾವ ಲಮ್ಜದ್ ಮೇಲಿನ ಅನುಮಾನ ಹೋಗುತ್ತಲೇ ಇಲ್ಲ. ಅಪ್ಪ ಬಿಟ್ಟುಹೋದ ಹಳೆಯ ಬೈಕನ್ನು ಹೋದ ವಾರ ಅವನೇ ಸರ್ವಿಸ್ ಮಾಡಿಕೊಟ್ಟ. ಮರುದಿನದಿಂದ ಎಂಜಿನ್ ಕಟಕಟ ಅನ್ನತೊಡಗಿತು. "ಇದರ ಕಥೆ ಮುಗೀತು ಕಣಮ್ಮ, ನಂಗೇ ಕೊಟ್ಬಿಡು" ಎಂದ.

ಇಂದು ನಾನೇ ನೋಡಿದೆ. ಎಂಜಿನ್ ಒಳಗಿನ ಕ್ಯಾಮ್ ಚೈನ್ ಎಂಬ ಸರಪಳಿಯನ್ನು ಬಿಗಿಹಿಡಿಯುವ ತಿರುಪು ಬೆರಳಿಗೇ ತಿರುಗುವಷ್ಟು ಸಡಿಲವಾಗಿತ್ತು. ಅದು ತಿರುಗದಂತೆ ಹಿಡಿಯುವ ನಟ್ಟಿನ ಮೇಲೆ ಸ್ಪ್ಯಾನರಿನ ಹೊಸ ಗೀರು. ಅಪ್ಪ ಕಲಿಸಿದಂತೆ ಎಂಜಿನ್ ಓಡುತ್ತಿರುವಾಗಲೇ ಕಿವಿಗೊಟ್ಟು, ಸದ್ದು ಅಡಗುವವರೆಗೆ ನಿಧಾನವಾಗಿ ಬಿಗಿದೆ.

ಸಂಜೆ ಭಾವ ಬಂದು ಬೈಕ್ ಸ್ಟಾರ್ಟ್ ಮಾಡಿದ; ಕಟಕಟ ಇರಲಿಲ್ಲ. "ಯಾರ ಹತ್ರ ಮಾಡಿಸ್ದೆ?"

"ನಾನೇ ಮಾಡ್ದೆ. ನಟ್ಟು ಸಡಿಲ ಇತ್ತು ಭಾವ."

"ಅದುರಿ ಅದುರಿ ಆಗಿರುತ್ತೆ" ಎಂದವನು ಚಹಾ ಮುಟ್ಟದೆ ಎದ್ದ.

ಬಿಗಿಯಲು ಮರೆತನೋ, ಬೇಕೆಂದೇ ಸಡಿಲ ಬಿಟ್ಟನೋ? ಮರೆತಿದ್ದರೆ ನಕ್ಕುಬಿಡುತ್ತಿದ್ದ. ಅಕ್ಕ ಮೊಂಜಿಯಾಗೆ ಹೇಳಬೇಕು. ಆದರೆ ಮೊನ್ನೆ ಅವಳೂ "ಕೊಟ್ಬಿಡೇ" ಎಂದು ಅಷ್ಟೊಂದು ಒತ್ತಾಯ ಮಾಡಿದ್ದು...