ಒಡೆಸ್ಸಾದಿಂದ ಬಂದ ‘ಬರ್ತೀನಿ’

ಸ್ಕೋಕಿ
ಜನವರಿ ೮, ೨೦೨೬

ಚಿ. ಮಂಜರಿಗೆ,

ಅಮ್ಮನ ಆಶೀರ್ವಾದ ಮೊದಲು, ಕೋಪ ಆಮೇಲೆ. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ಪದ್ಧತಿ. ನಾನು ಬರೆಯುವುದಿಲ್ಲ. ಕ್ಷೇಮವಾಗಿದ್ದರೆ ಈ ಕಾಗದ ಯಾಕೆ ಬರೆಯುತ್ತಿದ್ದೆ?

ಕನ್ನಡದಲ್ಲಿ ಬರೆದಿದ್ದಾಳೆ ಎಂದು ಮುಖ ಸಿಂಡರಿಸಬೇಡ. ಭಾನುವಾರದ ಕನ್ನಡ ಕ್ಲಾಸಿಗೆ ನಿನ್ನ ಕಿವಿ ಹಿಂಡಿ ಎಳೆದುಕೊಂಡು ಹೋಗುತ್ತಿದ್ದುದು ಇಂಥ ದಿನಕ್ಕೇ ಇರಬೇಕು. ಒತ್ತಕ್ಷರ ಬಂದ ಕಡೆ ನಿಂತು, ಉಸಿರು ತೆಗೆದುಕೊಂಡು ಓದು. ಇಂಗ್ಲಿಷಿನಲ್ಲಿ ನನಗೆ ಜಗಳವಾಡಲು ಚೆನ್ನಾಗಿ ಬರುತ್ತದೆ, ಇನ್ಶೂರೆನ್ಸಿನವರ ಜೊತೆ ಆಡಿ ಆಡಿ ಪಳಗಿದ್ದೇನೆ. ಬೇಡಿಕೊಳ್ಳಲು ಬರುವುದಿಲ್ಲ. ಇವತ್ತು ಇರುವುದು ಬೇಡಿಕೊಳ್ಳುವ ಕೆಲಸ.

ನೀನು ಆನ್ ಆರ್ಬರ್‌ನಲ್ಲಿ ಫಿಸಿಯೋಥೆರಪಿ ಓದಿ, ಸಿಕ್ಕಿದ್ದ ಒಳ್ಳೆಯ ಕೆಲಸ ಬಿಟ್ಟು, ಯುದ್ಧದಲ್ಲಿ ಕಾಲು ಕಳೆದುಕೊಂಡವರಿಗೆ ನಡೆಯುವುದು ಕಲಿಸುತ್ತೇನೆ ಅಂತ ಉಕ್ರೇನಿನ ಒಡೆಸ್ಸಾಕ್ಕೆ ಹೊರಟಾಗ ಮೂರೇ ತಿಂಗಳು ಅಂದಿದ್ದೆ. ಮೂರು ಹೋಗಿ ಆರಾಯಿತು, ಆರು ಹೋಗಿ ವರ್ಷವಾಯಿತು. ಹೋಗಲಿ ಬಿಡು, ಅವಳೇನು ಮಗುವಾ ಅಂದರು ನಿನ್ನ ಅಪ್ಪ. ಆ ಒಂದು ಮಾತಿಗೆ ನಮ್ಮಿಬ್ಬರಿಗೂ ಹತ್ತಿಕೊಂಡಿತು. ವಾರವೆಲ್ಲ ಡೆಟ್ರಾಯಿಟ್ ಹತ್ತಿರದ ಸ್ಟರ್ಲಿಂಗ್ ಹೈಟ್ಸ್‌ನ ಕಾರ್ಖಾನೆಯಲ್ಲಿ ದುಡಿದು, ಶುಕ್ರವಾರವಾದರೆ ಐದು ಗಂಟೆ ಡ್ರೈವ್ ಮಾಡಿಕೊಂಡು ಮನೆಗೆ ಬರುತ್ತಿದ್ದವರು, ಅಲ್ಲಿನ ಅಪಾರ್ಟ್‌ಮೆಂಟಿನಲ್ಲೇ ಉಳಿದುಬಿಟ್ಟರು. ಇದು ನಿನಗೆ ಈಗ ಗೊತ್ತಾಗುತ್ತಿದೆ. ನೀನು ಫೋನ್ ಮಾಡಿದಾಗಲೆಲ್ಲ ಅಪ್ಪ ಸ್ನಾನಕ್ಕೆ ಹೋಗಿದ್ದಾರೆ ಅಂತಿದ್ದೆನಲ್ಲ, ಅದೆಲ್ಲ ಸುಳ್ಳು. ಯಾವ ಮನುಷ್ಯನೂ ಅಷ್ಟು ಸಲ ಸ್ನಾನ ಮಾಡುವುದಿಲ್ಲ, ನಿನಗಾದರೂ ಅನುಮಾನ ಬರಬಾರದಿತ್ತೇ?

ಕ್ರಿಸ್‌ಮಸ್ ಹತ್ತಿರ ನಿನ್ನ ಮೆಸೇಜು ಬಂತು. ‘ಅಮ್ಮಾ, ಬರ್ತೀನಿ.’ ಅಷ್ಟೇ. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ ಕನ್ನಡ. ಆಮೇಲೆ ನಿನ್ನ ಫೋನು ಆಫ್.

ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ ಪುಟ್ಟಿ. ಕನ್ನಡ ಕೂಟದವರಿಗೆಲ್ಲ ಫೋನ್ ಮಾಡಿ ಮಗಳು ಬರ್ತಿದಾಳೆ ಅಂದೆ. ಡೆವಾನ್ ಸ್ಟ್ರೀಟಿನ ಇಂಡಿಯನ್ ಅಂಗಡಿಗೆ ಹೋಗಿ ಫ್ರೀಜರ್‌ನಲ್ಲಿದ್ದ ಅವರೆಕಾಳಿನ ಪೊಟ್ಟಣಗಳನ್ನೆಲ್ಲ ಬಾಚಿಕೊಂಡು ಬಂದೆ. ನೆನೆಹಾಕಿ, ಒಂದೊಂದೇ ಹಿತುಕಿ, ನಿನಗಿಷ್ಟವಾದ ಸಾರು ಮಾಡಿದೆ. ಯಾವ ವಿಮಾನ ಅಂತ ನೀನು ಹೇಳಿರಲಿಲ್ಲ. ಹಾಗಾಗಿ ಓಹೇರ್ ಏರ್‌ಪೋರ್ಟಿಗೆ ಹೋಗಿ ವಾರ್ಸಾದಿಂದ ಬಂದದ್ದನ್ನೂ ನೋಡಿದೆ, ಇಸ್ತಾಂಬುಲ್‌ನಿಂದ ಬಂದದ್ದನ್ನೂ ನೋಡಿದೆ. ಸೂಟ್‌ಕೇಸ್ ತಳ್ಳಿಕೊಂಡು ಬರುವ ಉದ್ದ ಜಡೆಯ ಹುಡುಗಿಯರೆಲ್ಲ ದೂರದಿಂದ ನೀನೇ. ಮರುದಿನವೂ ಹೋದೆ. ವೀಲ್‌ಚೇರ್ ತಳ್ಳುವ ಗುಜರಾತಿ ಹೆಂಗಸೊಬ್ಬಳು ನನ್ನನ್ನು ಎರಡು ದಿನವೂ ನೋಡಿ, ಏನೂ ಕೇಳದೆ ಒಂದು ಕಪ್ ಕಾಫಿ ತಂದು ಕೈಗಿಟ್ಟಳು. ಆಗ ನನಗೆ ಹೆದರಿಕೆ ಶುರುವಾಯಿತು.

ಮನೆಗೆ ಬಂದು, ಬಿಗುಮಾನ ಬಿಟ್ಟು, ನಿನ್ನ ಅಪ್ಪನಿಗೆ ಫೋನ್ ಮಾಡಿದೆ. ಮೆಸೇಜು ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದರು, ಓದಿದೆ. ಆಮೇಲೆ, ಅವಳು ಬರ್ತಾ ಇಲ್ಲ ಪ್ರಭಾ, ಹೋಗ್ತಾ ಇದಾಳೆ ಅಂದರು. ಅವಳು ಚಿಕ್ಕವಳಿದ್ದಾಗ ನೀನು ದಿನಾ ಬೆಳಿಗ್ಗೆ ಡ್ಯೂಟಿಗೆ ಹೊರಡೋವಾಗ ಬಾಗಿಲಲ್ಲಿ ನಿಂತ್ಕೊಂಡು ಅವಳಿಗೆ ಏನು ಹೇಳ್ತಿದ್ದೆ, ನೆನಪು ಮಾಡ್ಕೋ ಅಂದರು.

ನಾವು ಮನೆ ಬಿಡುವಾಗ ಹೋಗ್ತೀನಿ ಅನ್ನುವವರಲ್ಲ. ಯಾರಾದರೂ ಹಾಗೆ ಅಂದರೆ ನಮ್ಮಜ್ಜಿ ‘ಬಿಡ್ತು ಅನ್ನು’ ಅಂತ ಗದರುತ್ತಿದ್ದಳು. ನೀನು ಇನ್ನೂ ಪೈಜಾಮದಲ್ಲಿ ಕಣ್ಣುಜ್ಜುತ್ತಿರುವಾಗಲೇ ನಾನು ಆಸ್ಪತ್ರೆಯ ಲ್ಯಾಬಿಗೆ ಹೊರಡಬೇಕಿತ್ತು. ಬರ್ತೀನಿ ಪುಟ್ಟಿ ಅಂತ ಬಾಗಿಲು ಎಳೆದುಕೊಳ್ಳುತ್ತಿದ್ದೆ. ನಿನ್ನ ಕಿವಿಗೆ ಬಿದ್ದದ್ದು ಬರ್ತೀನಿ, ಕಣ್ಣಿಗೆ ಕಂಡದ್ದು ಅಮ್ಮ ಹೋಗುವುದು. ಕಿಂಡರ್‌ಗಾರ್ಟನ್ನಿನ ಟೀಚರಿಗೂ ನೀನು ಬರ್ತೀನಿ ಅಂತ ಕೈಬೀಸಿ ಬಂದಿದ್ದೆ, ನಾವು ಬಿದ್ದು ಬಿದ್ದು ನಕ್ಕಿದ್ದೆವು. ನಿನ್ನ ಕನ್ನಡದಲ್ಲಿ ಆ ಮಾತಿಗೆ ಅದೊಂದೇ ಅರ್ಥ ಅಂತ ಹೆತ್ತವಳಿಗೆ ಹೊಳೆಯಲಿಲ್ಲ ನೋಡು. ಸಾರನ್ನು ಸಿಂಕಿಗೆ ಸುರಿದು ಅಲ್ಲೇ ನಿಂತು ಅತ್ತೆ.

ಮೂರನೆಯ ದಿನ ನಿಮ್ಮ ಸಂಸ್ಥೆಯವರ ಈಮೇಲ್ ಬಂತು. ಮಂಜರಿ ಸೇಫ್ ಆಗಿದ್ದಾಳೆ, ಕರೆಂಟಿಲ್ಲ, ಆಸ್ಪತ್ರೆಯ ನೆಲಮಾಳಿಗೆಯಲ್ಲಿ ರೋಗಿಗಳ ಜೊತೆಗೇ ಇದ್ದಾಳೆ, ವರ್ಷದ ಕೊನೆಗೆ ಮುಗಿಯಬೇಕಿದ್ದ ಕೆಲಸವನ್ನು ಯುದ್ಧ ಮುಗಿಯುವವರೆಗೆ ಮಾಡುತ್ತೇನೆ ಎಂದು ಒಪ್ಪಿಕೊಂಡಿದ್ದಾಳೆ ಅಂತ. ಯುದ್ಧ ಮುಗಿಯುವವರೆಗೆ ಅಂದರೆ ಯಾವಾಗ, ಮಂಜರಿ? ಯಾವ ಪಂಚಾಂಗದಲ್ಲಿ ಬರೆದಿದೆ ಅದು?

ಆ ಊರಿನ ಮೇಲೆ ನನಗೆ ಹಗೆ. ಮೊದಲು ನೀನು ಅದರ ಕಥೆ ಹೇಳುವಾಗ ಹೂಂಗುಟ್ಟುತ್ತ ಚಪಾತಿ ಲಟ್ಟಿಸುತ್ತಿದ್ದೆ. ಟರ್ಕಿಯವರ ಕೋಟೆ ಕಿತ್ತುಕೊಂಡು ರಷ್ಯದ ರಾಣಿ ಕಟ್ಟಿಸಿದ ಬಂದರಂತೆ. ಗ್ರೀಕರು, ಇಟಲಿಯವರು, ಯಹೂದಿಗಳು ಹಡಗು ಹತ್ತಿ ಬಂದು ಗೋಧಿ ಮಾರಿ ಸಿರಿವಂತರಾದರಂತೆ. ನೆಲದಡಿಯ ಕಲ್ಲನ್ನೇ ಕಡಿದು ನೆಲದ ಮೇಲೆ ಮನೆ ಕಟ್ಟಿದರಂತೆ, ಅದಕ್ಕೇ ಊರ ಕೆಳಗೆಲ್ಲ ಸುರಂಗವಂತೆ. ಬಂದರಿಗೆ ಇಳಿಯುವ ದೊಡ್ಡ ಮೆಟ್ಟಿಲುಗಳ ಫೋಟೋ ಕಳಿಸಿದ್ದೆ, ಮೇಲುಗಡೆ ಮರಳು ಚೀಲಗಳಲ್ಲಿ ಹೂತುಹೋದ ಪ್ರತಿಮೆ. ಎಷ್ಟು ಚೆನ್ನಾಗಿದೆ ಅಂದಿದ್ದೆ ನಾನು. ಚೆನ್ನಾಗಿರುವ ಊರಿಗೆ ಮರಳು ಚೀಲ ಯಾಕೆ ಅಂತ ಆಗ ಕೇಳಲಿಲ್ಲ.

ನಮ್ಮ ಪಕ್ಕದ ಮನೆಯ ರಾಯಿಸಾ ಗೊತ್ತಲ್ಲ, ಹಾಲೋವೀನ್‌ಗೆ ಚಾಕೊಲೇಟ್ ಬದಲು ವಾಲ್‌ನಟ್ ಕೊಡುತ್ತಿದ್ದ ಮುದುಕಿ. ಅವಳು ಒಡೆಸ್ಸಾದವಳೇ, ಯಹೂದಿ. ದಿನಾ ಮಧ್ಯಾಹ್ನ ಅವಳ ಮನೆಗೆ ಹೋಗಿ ಕೂರುತ್ತೇನೆ. ಅಲ್ಲಿನ ಸುದ್ದಿ ಓದಿ ನನಗೆ ಇಂಗ್ಲಿಷಿನಲ್ಲಿ ಹೇಳುತ್ತಾಳೆ. ಯಾವ ಬೀದಿಗೆ ಬಾಂಬು ಬಿತ್ತು ಅಂದರೆ ಆ ಬೀದಿಯಲ್ಲಿ ಯಾವ ಬೇಕರಿ ಇತ್ತು ಅನ್ನುತ್ತಾಳೆ. ನಮ್ಮೂರನ್ನು ಗೆದ್ದವರೆಲ್ಲ ಹೋದರು, ಊರು ಅಲ್ಲೇ ಇದೆ ಅಂತ ಮೊನ್ನೆ ಜಂಬದಿಂದ ಹೇಳಿದಳು. ನನಗೆ ಎಲ್ಲಿತ್ತೋ ಸಿಟ್ಟು. ಊರು ಇರುತ್ತದೆ, ಊರಿನಲ್ಲಿದ್ದವರು ಎಲ್ಲಿ ಅಂತ ಕೇಳಿಬಿಟ್ಟೆ.

ಆಗ ಅವಳು ಇಷ್ಟು ವರ್ಷ ಹೇಳದಿದ್ದುದನ್ನು ಹೇಳಿದಳು. ೧೯೪೧ರಲ್ಲಿ ಶತ್ರುಗಳು ಊರನ್ನು ಮುತ್ತಿದಾಗ ಅವಳಿಗೆ ನಾಲ್ಕು ವರ್ಷ. ಸಮುದ್ರವೊಂದೇ ದಾರಿ. ತಾಯಿ ಬಂದರಿನ ಹತ್ತಿರದ ಆಸ್ಪತ್ರೆಯಲ್ಲಿ ನರ್ಸು. ಮಗುವನ್ನು ತನ್ನ ತಂಗಿಯ ಕೈಗೆ ಕೊಟ್ಟು ಹಡಗು ಹತ್ತಿಸಿ, ಗಾಯಾಳುಗಳನ್ನು ಸಾಗಿಸಿ ಮುಂದಿನ ಹಡಗಿಗೆ ಬರುತ್ತೇನೆ ಅಂದಳಂತೆ. ಊರು ಬಿತ್ತು. ಉಳಿದಿದ್ದ ಯಹೂದಿಗಳನ್ನು ಕೂಡಿಹಾಕಿ ಸುಟ್ಟರು. ಚಿಕ್ಕಮ್ಮ ತಾಷ್ಕೆಂಟಿನಿಂದ ಆ ಆಸ್ಪತ್ರೆಯ ವಿಳಾಸಕ್ಕೆ ವರ್ಷಗಟ್ಟಲೆ ಕಾಗದ ಹಾಕಿದಳಂತೆ. ಸಾಯುವವರೆಗೂ ಒಂದೇ ಮಾತು: ಕಾಗದ ಬರೆದು ಏನು ಬಂತು, ಅವತ್ತೇ ಹಡಗಿನಿಂದ ಇಳಿದು ಅಕ್ಕನ ರಟ್ಟೆ ಹಿಡಿದು ಎಳೆದು ತರಬೇಕಿತ್ತು ಅಂತ.

ಅದನ್ನು ಕೇಳಿದ ಮೇಲೆ ನನಗೆ ಅನ್ನ ಇಳಿಯುತ್ತಿಲ್ಲ.

ಬಾ ಮಂಜರಿ. ಕಾಲಿಲ್ಲದವರು ಇಲ್ಲಿಲ್ಲವೇ? ಡೆಟ್ರಾಯಿಟ್‌ನಲ್ಲಿಲ್ಲವೇ? ಯಾವ ಯುದ್ಧಕ್ಕೂ ಹೋಗದೆ, ಬರೀ ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರು ನಮ್ಮ ಲ್ಯಾಬಿನ ಮುಂದೆಯೇ ಸಾಲು ನಿಲ್ಲುತ್ತಿದ್ದರು. ಅವರಿಗೆ ಕಲಿಸು. ಮದುವೆಯ ಮಾತು ಎತ್ತುತ್ತೇನೆ ಅಂತ ಹೆದರಿಕೆಯೇ? ಎತ್ತುವುದಿಲ್ಲ. ಶ್ರೀಲತಾ ಆಂಟಿ ಕಳಿಸಿದ್ದ ಹುಡುಗನ ಬಯೋಡೇಟಾ ಅಳಿಸಿಹಾಕಿದ್ದೇನೆ, ಹುಡುಗ ಒಳ್ಳೆಯವನೇ ಇದ್ದ, ಹೋಗಲಿ. ನೀನು ಬೇಸ್‌ಮೆಂಟಿನಲ್ಲಿ ಬೇಕಾದರೆ ಇರು, ನನ್ನ ಜೊತೆ ಮಾತು ಬಿಡು, ಬಾಗಿಲು ಹಾಕಿಕೊ. ಆ ಬಾಗಿಲು ನನ್ನ ಮನೆಯಲ್ಲಿರಲಿ.

ಇನ್ನೊಂದು ಹೇಳಿಬಿಡುತ್ತೇನೆ. ದಸರೆಯ ಹೊತ್ತಿಗೆ ನೀನು ಒಂದು ವಿಡಿಯೋ ಕಳಿಸಿದ್ದೆ. ಎರಡೂ ಕಾಲಿಲ್ಲದ ಒಬ್ಬರು ಹೊಸ ಕಾಲು ಕಟ್ಟಿಕೊಂಡು, ನಿನ್ನ ಹೆಗಲು ಹಿಡಿದು, ಕಿಟಕಿಯ ತನಕ ನಡೆದು ಸಮುದ್ರ ನೋಡಿದ್ದು. ನಾನು ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಸುಮ್ಮನಾದೆ. ನೀನು ನೊಂದುಕೊಂಡೆ, ಗೊತ್ತು. ನಿಜ ಹೇಳಬೇಕೆಂದರೆ ಅದನ್ನು ದಿನಾ ನೋಡುತ್ತೇನೆ, ದಿನಾ ಎದೆ ಉಬ್ಬುತ್ತದೆ. ಹಾಗೆಂದು ಹೇಳಿದರೆ ಇನ್ನಷ್ಟು ದಿನ ಅಲ್ಲೇ ಉಳಿಯುತ್ತೀಯ ಅಂತ ಹೇಳಲಿಲ್ಲ.

ನನ್ನ ಹತ್ತಿರ ಇನ್ನು ಯಾವ ಉಪಾಯವೂ ಉಳಿದಿಲ್ಲ. ಬೈದಾಯಿತು, ಅತ್ತಾಯಿತು, ಅರೋರಾದ ವೆಂಕಟರಮಣನಿಗೆ ಮುಡಿಪು ಕಟ್ಟಿಯಾಯಿತು. ಬರುವುದಾದರೆ ಹೊರಡು, ಕಾರಣ ಕೇಳುವುದಿಲ್ಲ. ಬರುವುದಿಲ್ಲವಾದರೆ ಅದನ್ನು ಸರಿಯಾದ ಕನ್ನಡದಲ್ಲಿ ಬರೆದು ಕಳಿಸು.

ನಿನ್ನ ದಾರಿ ನೋಡುತ್ತಿರುವ,
ಅಮ್ಮ
(ಪ್ರಭಾವತಿ)

ತಾ.ಕ.: ಮೇಲಿನದನ್ನು ಸ್ಕೋಕಿಯಲ್ಲಿ ಬರೆದು ಮುಗಿಸಿ ಒಂದು ವಾರವಾಯಿತು. ಈ ಸಾಲುಗಳನ್ನು ಬರೆಯುತ್ತಿರುವುದು ಪಲಾಂಕಾದಲ್ಲಿ, ಮಾಲ್ಡೋವಾದ ಗಡಿಯಲ್ಲಿ, ಒಂದು ಕಾಫಿ ಅಂಗಡಿಯೊಳಗೆ. ನಿನಗೂ ನನಗೂ ಈಗ ನಲವತ್ತು ಮೈಲಿ, ನಮ್ಮ ಮನೆಯಿಂದ ಅರೋರಾ ದೇವಸ್ಥಾನಕ್ಕೆ ಹೋದಷ್ಟು ದೂರ. ಆದರೆ ನಾನು ಇಷ್ಟು ವರ್ಷ ಹಟ ಹಿಡಿದು ಉಳಿಸಿಕೊಂಡ ಭಾರತದ ಪಾಸ್‌ಪೋರ್ಟಿಗೆ ಉಕ್ರೇನಿನ ವೀಸಾ ಸಿಗಲಿಲ್ಲ. ನಿನ್ನ ಅಪ್ಪನದು ಅಮೆರಿಕದ್ದು, ಅವರಿಗೆ ಬೇಕಿಲ್ಲ.

ಹೌದು, ಅಪ್ಪ. ಸ್ಟರ್ಲಿಂಗ್ ಹೈಟ್ಸ್‌ನಿಂದ ಒಂದು ಸಂಜೆ ಸೂಟ್‌ಕೇಸ್ ಸಮೇತ ಬಂದು ಬಾಗಿಲಲ್ಲಿ ನಿಂತು, ನಡಿ ಹೋಗೋಣ ಅಂದರು. ನಾನು ಯಾಕೆ ಅಂತಲೂ ಕೇಳಲಿಲ್ಲ. ಈ ಕಾಗದ ನಿನ್ನ ಕೈಗೆ ಕೊಟ್ಟವರು ಅವರೇ. ಈಗ ಒಡೆಸ್ಸಾಕ್ಕೆ ಹೊರಟಿರುವ ವ್ಯಾನಿನ ಹತ್ತಿರ ನಿಂತು, ಬೇಗ ಮುಗಿಸು ಪಟ್ಟದರಾಣಿ ಅಂತ ರೇಗಿಸುತ್ತಿದ್ದಾರೆ. ಎರಡೇ ದಿನ, ಅವಳ ಕೈ ಹಿಡಿದು ಕರ್ಕೊಂಡು ಬಂದುಬಿಡ್ತೀನಿ ಅಂತ ನನಗೆ ಮಾತು ಕೊಟ್ಟಿದ್ದಾರೆ.

ಬೆಳಿಗ್ಗೆ ಅವರ ಮಫ್ಲರ್ ಹುಡುಕಲು ಸೂಟ್‌ಕೇಸ್ ತೆಗೆದೆ. ಅದರಲ್ಲಿ ಮೂರು ತಿಂಗಳಿಗಾಗುವಷ್ಟು ಬಿ.ಪಿ. ಮಾತ್ರೆ ಇತ್ತು. ನಾನು ನೋಡಿದೆ ಅಂತ ಅವರಿಗೆ ಗೊತ್ತಿಲ್ಲ. ನೀನು ಹೊರಡದಿದ್ದರೆ ಅವರೂ ಹೊರಡುವುದಿಲ್ಲ, ಮಂಜರಿ. ಅದು ತಿಳಿದೇ ಮಫ್ಲರ್ ಸುತ್ತಿ ಕಳಿಸುತ್ತಿದ್ದೇನೆ, ನೀನು ಅಲ್ಲಿ ಒಬ್ಬಳೇ ಇರಬಾರದು ಅಂತ.